ಖಾಲಿ ಪೆಟ್ಟಿಗೆಯಲ್ಲಿ ಒಂಟಿ ಕಣ

ಆ ಪ್ರಯೋಗಾಲಯದಲ್ಲಿ ಅವಳನ್ನು ಮೆಣಸಿನಕಾಯಿ ಅನ್ನುತ್ತಿದ್ದದ್ದು ಬೆನ್ನ ಹಿಂದೆ; ಎದುರು ನಿಂತು ಅನ್ನುವ ಎದೆಗಾರಿಕೆ ಯಾರಿಗಿತ್ತು? ವಿದ್ಯುತ್ ಕಣಗಳು ಯಂತ್ರದೊಳಗೆ ಹೇಗೆ ಓಡುತ್ತವೆಂದು ಕಂಪ್ಯೂಟರಿನಲ್ಲಿ ಮೊದಲೇ ತೋರಿಸುವ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಮದುವೆ ಬೇಡವೆಂದಳು, ಮನೆ ಬಿಟ್ಟಳು, ಈ ಪ್ರೋಗ್ರಾಮನ್ನೇ ಸಾಕಿ ಬೆಳೆಸಿದಳು. ಅವಳ ಗ್ರಹಚಾರಕ್ಕೆ, ಅಣ್ಣ ಕೈಹಿಡಿದದ್ದು ಅದೇ ಕೋಣೆಯ ಎದುರು ಮೇಜಿನವಳನ್ನು. ಅಂದಿನಿಂದ ಅತ್ತಿಗೆಗೂ ಅವಳಿಗೂ ಎಣ್ಣೆ ಸೀಗೆಕಾಯಿ.

ಈಗ ಹೊಸ ಯಂತ್ರ ಬರುವುದಿತ್ತು. ಅದರ ವಿನ್ಯಾಸಕ್ಕೆ ಅವಳ ಪ್ರೋಗ್ರಾಮೋ, ಅತ್ತಿಗೆಯದೋ ಎಂಬುದು ಆ ಬೆಳಿಗ್ಗೆ ತೀರ್ಮಾನವಾಗಬೇಕಿತ್ತು. ತನ್ನದು ಬಿದ್ದುಹೋದರೆ ಇಷ್ಟು ವರ್ಷ ಬದುಕಿದ್ದೇ ದಂಡ ಎಂದು ಅವಳು ನಂಬಿದ್ದಳು.

"ಪರದೆ ಮೇಲಿರೋ ಪೆಟ್ಟಿಗೆ ಪೂರ್ತಿ ಖಾಲಿ ಮಾಡು," ಅಂದಳು ಅತ್ತಿಗೆ, ಮುಖ್ಯಸ್ಥರ ಎದುರಿಗೇ. "ಒಂದೇ ಒಂದು ಕಣ ಇಡು. ಸುಮ್ನೆ ನಿಲ್ಲುತ್ತಾ ನೋಡೋಣ."

"ತಳ್ಳೋರೇ ಇಲ್ದಿರೋ ಕಡೆ ಅದೆಲ್ಲಿಗೆ ಹೋಗುತ್ತೆ, ಅತ್ತಿಗೆ? ನಿಮ್ಮ ಹಾಗೆ ಕಂಡೋರ ಕೆಲಸದಲ್ಲಿ ಮೂಗು ತೂರಿಸೋಕಾ?"

ಕಣವನ್ನಿಟ್ಟಳು. ಪರದೆಯ ಮೇಲಿನ ಚುಕ್ಕೆ ಒಂದು ಕ್ಷಣ ನಿಂತಿತು. ಆಮೇಲೆ ಕಳ್ಳಬೆಕ್ಕಿನಂತೆ ಮೆಲ್ಲಗೆ ಪೆಟ್ಟಿಗೆಯ ಗೋಡೆಯತ್ತ ಸರಿಯಿತು.

"ನೀವೇ ಏನೋ ಕೈಯಾಡಿಸಿದೀರ!" ಎಂದು ಅತ್ತಿಗೆಯ ಮೇಲೆ ಹರಿಹಾಯ್ದಳು.

"ನಿನ್ನ ಪಾಸ್‌ವರ್ಡು ನಿಮ್ಮಣ್ಣಂಗೇ ಗೊತ್ತಿಲ್ಲ. ನಂಗೆಲ್ಲಿಂದ ಗೊತ್ತಾಗ್ಬೇಕು?"

ಪ್ರೋಗ್ರಾಮಿನ ಸಾಲುಗಳನ್ನು ತೆರೆದವಳ ಮುಖ ಕಪ್ಪಿಟ್ಟಿತು. ಪ್ರೋಗ್ರಾಂ ಪೆಟ್ಟಿಗೆಯೊಳಗೆ ಚೌಕುಳಿ ಎಳೆದು, ಕಣದ ವಿದ್ಯುದಾವೇಶವನ್ನು, ಅಂದರೆ ಚಾರ್ಜನ್ನು, ಸುತ್ತಲಿನ ಮೂಲೆಗಳಿಗೆ ಹಂಚುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ ಕ್ಷೇತ್ರದ ಬಲವನ್ನು ಮತ್ತೆ ಕಣಕ್ಕೆ ತರುತ್ತದೆ. ಹಂಚಿದ ಅಳತೆಯಲ್ಲೇ ತಂದರೆ ಕಣದ ಸ್ವಂತ ಕ್ಷೇತ್ರ ಅದನ್ನು ನೂಕುವುದಿಲ್ಲ. ಆ ಕಡೆಯ ಒತ್ತು ಈ ಕಡೆಯದಕ್ಕೆ ವಜಾ ಆಗುತ್ತದೆ. ಹಿಂದೊಮ್ಮೆ ಅತ್ತಿಗೆ, "ಹಂಚೋ ಅಳತೆ ಒರಟಾಗಿದೆ, ಬದಲಾಯಿಸು. ತರೋದನ್ನೂ ಹಾಗೇ ಮಾಡು," ಅಂದಿದ್ದಳು. ಮೊದಲನೆಯದು ಸರಿಯೆನ್ನಿಸಿ ಇವಳು ಬದಲಿಸಿದ್ದಳು. ಎರಡನೆಯದನ್ನೂ ಕೇಳಿದರೆ ಅತ್ತಿಗೆಗೆ ಕೋಡು ಮೂಡೀತೆಂದು, ಅದರಿಂದೇನು ಮಹಾ ಎಂದು, ಬೇಕೆಂದೇ ಹಳೆಯ ಅಳತೆಯಲ್ಲೇ ಬಿಟ್ಟಿದ್ದಳು.

"ಯಾರಮ್ಮಾ ತಳ್ತಿರೋದು?" ಮುಖ್ಯಸ್ಥರು ಕೇಳಿದರು.

"ಯಾರೂ ಇಲ್ಲ ಸರ್. ಅದರ ಕ್ಷೇತ್ರವೇ ಅದನ್ನ ತಳ್ತಿದೆ. ತಪ್ಪು ನಂದು."

ಮುಖ್ಯಸ್ಥರು ಅತ್ತಿಗೆಯ ಪ್ರೋಗ್ರಾಮನ್ನೇ ಆರಿಸಿದರು. ನಾಳೆಯಿಂದ ನೀನೂ ಅವರ ಕೈಕೆಳಗೆ ಎಂದು ಹೇಳಿ ಹೊರಟುಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು. ಅತ್ತಿಗೆ ಒಂದು ಮಾತು ಅಂದರೆ ಇವಳು ಹತ್ತು ತಿರುಗಿಸಿ ಹಗುರಾಗಬಹುದಿತ್ತು.

"ಬೈರಿ ಅತ್ತಿಗೆ! ಕಾಯ್ತಾ ಇದ್ರಲ್ಲ, ಬಾಯಿ ತುಂಬ ಬೈದ್ಬಿಡಿ!"

ಅತ್ತಿಗೆ ಬ್ಯಾಗು ಹೆಗಲಿಗೇರಿಸಿದಳು. "ನಾನ್ಯಾಕೆ? ನಿಂಗೆ ನೀನೇ ಸಾಕು."