ಅಕ್ಕನಿಗೆ ಬೇಕಿದ್ದ ಖೋಲಿ

ನಿನ್ನೆ ಸಂಜೆ ಮೊಮ್ಮಗಳು ವಿಜಯಪುರದಿಂದ ಫೋನು ಮಾಡಿದ್ದಳು. ಅಲ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. "ಆಯಿ, ಇವತ್ತ ಪರೀಕ್ಷಾದಾಗ ಒಬ್ಬ ಹುಡುಗನ್ನ ಕಾಯೂ ಡ್ಯೂಟಿ ನಂದಿತ್ತು. ಅವಗ ಆಟಿಸಂ ಐತಿ, ಗದ್ದಲ ತಾಳಂಗಿಲ್ಲ. ಅದಕ್ಕ ಬ್ಯಾರೆ ಖೋಲಿ ಕೊಟ್ಟಾರ" ಎಂದಳು. ಖೋಲಿ ಎಂದರೆ ನಮ್ಮ ಕಡೆ ಕೋಣೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ನಾನು ಯಾವಾಗಲೂ ಹಾಲು ಮರೆಯುವವಳೇ; ನಿನ್ನೆ ಮಾತ್ರ ಅದಕ್ಕೊಂದು ಕಾರಣವಿತ್ತು.

ಎಪ್ಪತ್ತರ ದಶಕದ ಮಾತು. ನಾವು ಇಂಗಳೇಶ್ವರದವರು, ಅಪ್ಪನಿಗೆ ಬಸವನ ಬಾಗೇವಾಡಿಯಲ್ಲಿ ಕಿರಾಣಿ ಅಂಗಡಿ. ನನ್ನ ಅಕ್ಕ ಗಿರಿಜಾ ಮುದ್ದೇಬಿಹಾಳದ ಕಾಲೇಜಿಗೆ ಸೇರಿದ್ದಳು. ಸಸ್ಯಶಾಸ್ತ್ರವೆಂದರೆ ಅವಳಿಗೆ ಪ್ರಾಣ. ಬದುವಿನ ಮೇಲೆ ಕೂತು ಹುಲ್ಲಿನ ತೆನೆ ಬಿಡಿಸುತ್ತ ಊಟ ಮರೆಯುವವಳು. ಅದೇ ಅಕ್ಕ ಬಸ್ಸಿನ ಹಾರ್ನು ಕೇಳಿದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತುಬಿಡುತ್ತಿದ್ದಳು. ಹಾಸ್ಟೆಲಿನ ತಾಟುಗಳ ಸಪ್ಪಳಕ್ಕೆ ವಾರದೊಳಗೇ ಊಟ ಬಿಟ್ಟಳು. ಇದಕ್ಕೆಲ್ಲ ನಮ್ಮಲ್ಲಿ ಆಗ ಒಂದೇ ಹೆಸರಿತ್ತು: ಹಟ.

ಹಾಸ್ಟೆಲು ಬಿಡಿಸಿ ಹೊರಗೆ ಖೋಲಿ ಹಿಡಿಯಲು ದುಡ್ಡಿಲ್ಲದೆ ಅಪ್ಪ ಸಹಾಯ ಕೇಳಿಕೊಂಡು ತಿರುಗಿದ. ಅಂಗವಿಕಲರಿಗೆ ವಿದ್ಯಾರ್ಥಿವೇತನವಿದೆಯೆಂದು ತಿಳಿದು ಕಚೇರಿಗೆ ಹೋದರೆ ಗುಮಾಸ್ತ, "ಕಣ್ಣ ಕಾಣ್ತಾವ, ಕಿವಿ ಕೇಳ್ತಾವ, ಕೈಕಾಲ ನೆಟ್ಟಗ ಅದಾವ. ಯಾವುದಕ್ಕಂತ ಕೊಡೂಣ್ರಿ?" ಎಂದನಂತೆ.

ಸಿಂದಗಿಯಲ್ಲಿ ಬಡ ವಿದ್ಯಾರ್ಥಿಗಳನ್ನು ಓದಿಸುವ ಹಿರಿಯರೊಬ್ಬರಿದ್ದರು. ಅಪ್ಪ ನಮ್ಮಿಬ್ಬರನ್ನೂ ಕರೆದೊಯ್ದ. ಅವರು ತೂಗುಮಂಚದ ಮೇಲೆ ಕೂತು, "ಏನ ಓದ್ತೀ ತಂಗಿ?" ಎಂದು ಅಕ್ಕರೆಯಿಂದಲೇ ಕೇಳಿದರು. ಅಕ್ಕ ನೆಲ ನೋಡುತ್ತ, "ಮೊದಲ ಅದನ್ನ ತೂಗೂದು ನಿಂದರಸ್ರಿ, ಕಿರ್ ಅಂತೈತಿ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಹೊರಬೀಳುವಾಗ ಬೆನ್ನ ಹಿಂದೆ, "ಹುಡುಗಿಗೆ ಭಾಳ ಸೊಕ್ಕೈತಿ" ಎಂಬ ಅವರ ಮಾತು ಕೇಳಿಸಿತು.

ಕೊನೆಗೆ ಕೈಹಿಡಿದವರು ಮುದ್ದೇಬಿಹಾಳದ ಹಜರತಬೀ ಚಾಚಿ. ಅವರ ಗಂಡ ಅಪ್ಪನಿಗೆ ವ್ಯಾಪಾರದ ಗೆಳೆಯ. ಹಿತ್ತಲ ಕಡೆಯ ಖೋಲಿಯನ್ನು ಅಕ್ಕನಿಗೆ ಬಿಟ್ಟುಕೊಟ್ಟರು. ಅಪ್ಪ ಬಾಡಿಗೆಯ ಮಾತೆತ್ತಿದರೆ, "ಮಗಳ ಕಡಿಂದ ಯಾರರೆ ಬಾಡಿಗಿ ತಗೋತಾರೇನ್ರಿ ಅಣ್ಣಾರ?" ಎಂದು ಗದರಿದರು. ಅವ್ವ ಊರಿನಿಂದ ಕಳಿಸುವ ಒಣ ರೊಟ್ಟಿ, ಶೇಂಗಾ ಚಟ್ನಿ, ಚಾಚಿಯ ಮನೆಯ ಮೊಸರು. ಅಕ್ಕನಿಗೆ ದಿನವೂ ಅದೇ ಆಗಬೇಕು. ಬೆಳಿಗ್ಗೆ ಚಾಚಿ ಬಜಾರದ ಗದ್ದಲ ತಪ್ಪಿಸಿ ಓಣಿಗಳೊಳಗಿಂದ ಅವಳನ್ನು ಕಾಲೇಜಿಗೆ ಮುಟ್ಟಿಸಿ ಬರುತ್ತಿದ್ದರು. ಅಕ್ಕ ತನ್ನಷ್ಟಕ್ಕೆ ಹಾಡಿಕೊಳ್ಳುವುದನ್ನು ನಾನು ಮೊದಲು ಕೇಳಿದ್ದು ಆ ಖೋಲಿಯಲ್ಲೇ.

ಅಲ್ಲಿಯತನಕ ಸಣ್ಣ ಕ್ಲಾಸುಗಳಲ್ಲಿ ನಡೆಯುತ್ತಿದ್ದ ಪರೀಕ್ಷೆ ಕೊನೆಯ ವರ್ಷ ಕಾಲೇಜಿನ ದೊಡ್ಡ ಹಾಲಿನಲ್ಲಿ ಎಂದಾಯಿತು. ಅವ್ವ ಚಾಚಿಯನ್ನು ಜೊತೆ ಮಾಡಿಕೊಂಡು ಪ್ರಿನ್ಸಿಪಾಲರ ಬಳಿ ಹೋದಳು. "ಒಂದ ಖೋಲಿ ಕೊಡ್ರಿ ಸಾಹೇಬ್ರ. ಬೇಕಾದ್ರ ಇಬ್ಬರನ್ನ ಕಾವಲ ಹಾಕ್ರಿ." ಅವರೇನೂ ಕೆಟ್ಟವರಲ್ಲ, ಇಬ್ಬರಿಗೂ ಚಹಾ ತರಿಸಿದರಂತೆ. "ಹಂಗ ಕೊಡಾಕ ಬರೂದಿಲ್ಲವ್ವಾ. ಈಕಿಗೆ ಕೊಟ್ರ ನಾಳೆ ಎಲ್ಲಾರೂ ಕೇಳ್ತಾರ" ಎಂದರು.

ಮೊದಲ ದಿನವೇ ಪರೀಕ್ಷೆಯ ಗಂಟೆ ಬಾರಿಸಿದ್ದೇ ತಡ, ಅಕ್ಕ ಎದ್ದು ಹೊರಗೆ ನಡೆದಳು. ಚಾಚಿಯ ಮನೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡಳು. ಮರುವರ್ಷ ಅಪ್ಪ ಮತ್ತೆ ಫೀ ಕಟ್ಟಿದ. ಅಕ್ಕ ಬಸ್ಸು ಹತ್ತಲಿಲ್ಲ. ಮುಂದೆ ಅದೇ ಹಾಲಿನಲ್ಲಿ ನಾನು ಬರೆದು, ಹೇಗೋ ಪಾಸಾಗಿ, ಸಾಲಿಯ ಟೀಚರಮ್ಮಳಾದೆ. ಓದಿದ್ದೆಲ್ಲ ಮರೆತೂಬಿಟ್ಟೆ. ಅಕ್ಕ ಮಾತ್ರ ಯಾವ ಹುಲ್ಲನ್ನೂ ಮರೆತಿಲ್ಲ.

ಈಗ ಅಕ್ಕ ನನ್ನ ಜೊತೆಯಲ್ಲೇ ಇದ್ದಾಳೆ. ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಮೆಂತ್ಯೆ ಸೊಪ್ಪಿನ ಎಲೆ ಬಿಡಿಸಿ ಸೋಸುತ್ತ ಕೂತಿದ್ದಳು. ಹೇಳಲೋ ಬೇಡವೋ ಎಂದು ಅನುಮಾನಿಸುತ್ತಲೇ ಮೊಮ್ಮಗಳ ಸುದ್ದಿ ಹೇಳಿದೆ. ಅಕ್ಕ ತಲೆಯೆತ್ತಲಿಲ್ಲ.

"ಬ್ಯಾರೆ ಖೋಲಿ?"

"ಹೂಂ ಅಕ್ಕಾ. ಆವಾಗ ಇದೆಲ್ಲಾ ಎಲ್ಲಿತ್ತು?"

ಇನ್ನೊಂದು ಕಟ್ಟು ಬಿಚ್ಚಿದಳು. "ಖೋಲಿ ಇತ್ತಲ್ಲ. ಲ್ಯಾಬಿನ ಬಾಜು. ಬರೇ ಮುರಕ ಬೆಂಚ ಇಟ್ಟಿದ್ರು. ನಾ ದಿನಾ ನೋಡತಿದ್ದೆ."

ಆಗ ಕಾಲವೇ ಹಾಗಿತ್ತು ಎಂದುಕೊಂಡು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಇವತ್ತು ಆ ಮಾತು ನನ್ನ ಬಾಯಿಗೆ ಬರಲಿಲ್ಲ.