ಮೇನೆಯ ಹಿಂದಿನ ಮುಲುಕು

ಮಾರಿಕಣಿವೆಯ ಕಟ್ಟೆ ಮುಗಿದಾಗ ಸೀಮೆಯೆಲ್ಲ ಹಿಗ್ಗಿತು, ಕಾಟಪ್ಪ ಒಬ್ಬ ಅತ್ತ. ಅಲ್ಲಿ ಕಲ್ಲು ಹೊರುತ್ತಿದ್ದವನು ಅವನು. ಕಟ್ಟೆ ಎದ್ದು ನಿಂತ ಮೇಲೆ ಕಲ್ಲು ಹೊರುವವನು ಯಾರಿಗೆ ಬೇಕು? ಕೊನೆಗೆ ಸೇರಿದವರನ್ನೇ ಮೊದಲು ಮನೆಗೆ ಕಳಿಸಿದರು. ಅಂಥವನಿಗೆ ಹಿರಿಯೂರಿನ ಕೊಬ್ಬರಿ ಸಾಹುಕಾರ್ತಿ ಶಿವಗಂಗಮ್ಮನವರ ಮೇನೆ ಹೊರುವ ಕೆಲಸ ಸಿಕ್ಕಿದ್ದು ಅವನ ಪುಣ್ಯ. ಗಂಡ ತೀರಿಕೊಂಡ ಮೇಲೆ ತೋಟ, ಮಂಡಿ ಎರಡನ್ನೂ ತಾವೇ ನೋಡಿಕೊಳ್ಳುತ್ತಿದ್ದ ಗಟ್ಟಿ ಹೆಂಗಸು ಆಕೆ. ಮೈಯೂ ದೊಡ್ಡದು. ಮೇನೆಗೆ ಆರು ಜನ ಬೋಯಿಗಳು, ಆರನೆಯವನು ಕಾಟಪ್ಪ. ಆ ಕೆಲಸ ನಂಬಿಯೇ ತುರುವನೂರಿನ ಓಬವ್ವನ ಅಪ್ಪ ಮಗಳನ್ನು ಕೊಡುವುದಕ್ಕೆ ಒಪ್ಪಿದ್ದ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಕಾಟಪ್ಪನೂ ಹಾಗೆಯೇ. ಮೇನೆ ಇಳಿಸಿದ ಮೇಲೂ ಹೆಗಲು ಬಗ್ಗಿಸಿಕೊಂಡೇ ನಿಂತಿರುತ್ತಿದ್ದ. ಅವನಿಗೆ ಕಸುಬು ಕಲಿಸಿದವನು ಮುಂದಿನ ಬೊಂಬಿಗೆ ಹೆಗಲು ಕೊಡುವ ಜುಂಜಪ್ಪ, ಇಪ್ಪತ್ತು ವರ್ಷದ ಹಳಬ.

"ದಾರಿ ಬಗ್ಗೆ ಏನಾರ ಕೂಗಲೇ. ಕಲ್ಲೈತೆ ಅನ್ನು, ಹಳ್ಳ ಐತೆ ಅನ್ನು. ಭಾರ ಅಂತ ಮಾತ್ರ ಬಾಯಿ ಬಿಡಬ್ಯಾಡ. ಒಳಗೆ ಕುಂತೋರು ಹೂವು ಅಂತ ತಿಳ್ಕೊ" ಎಂದಿದ್ದ.

ಆ ಬೇಸಿಗೆಯಲ್ಲಿ ಹೂವಿಗೆ ಹೊಟ್ಟೆನೋವು ಬಂತು. ಪಂಡಿತರು ಗಂಜಿಯೊಂದೇ ಅಂದರು. ಗುಣವಾದರೆ ಮಲ್ಲೇಶ್ವರನ ಗುಡಿಯಲ್ಲಿ ತೆಂಗಿನಕಾಯಿ ತುಲಾಭಾರ ಮಾಡಿಸುತ್ತೇನೆಂದು ಶಿವಗಂಗಮ್ಮ ಹರಕೆ ಹೊತ್ತರು. ನೋವೂ ಇಳಿಯಿತು, ಮೈಯೂ ಇಳಿಯಿತು. ಅದು ಮೊದಲು ಕಣ್ಣಿಗೆ ಬಿದ್ದದ್ದು ಗುಮಾಸ್ತೆ ಪಂಚಾಕ್ಷರಪ್ಪನಿಗೆ. ಧಣಿಯ ಮನೆ ಅನ್ನ ಉಳಿಸುವುದರಲ್ಲಿ ಆತ ಧಣಿಗಿಂತ ಒಂದು ಕೈ ಮೇಲು.

"ಅಮ್ನೋರೆ, ಇನ್ನು ಮೇನೆಗೆ ನಾಲ್ವರು ಸಾಕು. ಕೊನೆಗೆ ಬಂದ ಇಬ್ರನ್ನ ಕಳಿಸಿಬಿಡಾಣ."

"ಹರಕೆ ತೀರ್ಲಿ, ಆಮ್ಯಾಲೆ ನೋಡಾಣ" ಎಂದರು ಶಿವಗಂಗಮ್ಮ.

ಈ ಮಾತು ಬೋಯಿಗಳ ಕಿವಿಗೂ ಬಿತ್ತು. ಐದನೆಯವನಾದ ಜಂಪಣ್ಣ ದೇವರ ಮೇಲೆ ಭಾರ ಹಾಕಿ ಸುಮ್ಮನಾದ. ಕಾಟಪ್ಪ ದೇವರಿಗಿಂತ ತನ್ನ ಗಂಟಲನ್ನು ನಂಬಿದ. ಮಾರನೆಯ ದಿನ ಮೇನೆ ಎತ್ತುವಾಗ ಈಯುವ ಎಮ್ಮೆಯ ಹಾಗೆ ಒಂದು ಸಲ ಮುಲುಕಿದ. ಭಾರ ಇನ್ನೂ ಇದೆ, ಆರು ಹೆಗಲೂ ಬೇಕು ಎಂದು ಸಾಹುಕಾರ್ತಿಗೆ ತಿಳಿಯಲಿ ಎಂಬುದು ಅವನ ಲೆಕ್ಕ. ಜುಂಜಪ್ಪ ಹಿಂತಿರುಗಿ ಕಣ್ಣು ಕೆಂಪಗೆ ಮಾಡಿದ. ಒಳಗಿನಿಂದ ಮಾತೇ ಬರಲಿಲ್ಲ.

ಮಾತು ಬಂದದ್ದು ಅಡುಗೆಮನೆಯಲ್ಲಿ. "ಇಷ್ಟು ದಿನ ಗಂಜಿ ಕುಡಿದ್ರೂ ಆ ಹುಡುಗ ಮುಲುಕ್ತಾನಲ್ಲ" ಎಂದು ನೊಂದುಕೊಂಡು ಶಿವಗಂಗಮ್ಮ ಗಂಜಿಯನ್ನೂ ಅರ್ಧ ಮಾಡಿದರು. ಮೇನೆ ಇನ್ನಷ್ಟು ಹಗುರವಾಯಿತು. ಹಗುರವಾದಷ್ಟೂ ಕಾಟಪ್ಪನಿಗೆ ದಿಗಿಲು, ದಿಗಿಲಾದಷ್ಟೂ ಮುಲುಕು, ಅವನು ಮುಲುಕಿದಷ್ಟೂ ಆಕೆಗೆ ಉಪವಾಸ. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ತುಲಾಭಾರದ ದಿನ ಬಂತು. ಪಂಚಾಕ್ಷರಪ್ಪ ಅಮ್ಮನವರು ಹರಕೆ ಹೊತ್ತ ದಿನವೇ ಹಳೆಯ ಅಂದಾಜಿನ ಮೇಲೆ ಗಾಡಿ ತುಂಬ ಕಾಯಿ ತರಿಸಿದ್ದ. ಶಿವಗಂಗಮ್ಮ ಒಂದು ತಟ್ಟೆಯಲ್ಲಿ ಕುಳಿತರು. ಇನ್ನೊಂದಕ್ಕೆ ಕಾಯಿ ಹಾಕುತ್ತಿದ್ದಂತೆ, ಗಾಡಿ ಇನ್ನೂ ಅರ್ಧವಾಗುವ ಮೊದಲೇ ಆಕೆ ಕೂತ ತಟ್ಟೆ ಮೇಲೆದ್ದಿತು. ಜನ ಶಿವಶಿವಾ ಅಂದರು. ಪಂಚಾಕ್ಷರಪ್ಪ ಮಾತ್ರ ಕಾಟಪ್ಪನ ಕಡೆ ತಿರುಗಿದ.

"ಏನಪ್ಪ, ಇಷ್ಟು ಕಾಯಿಗಾ ನೀನು ದಿನಾ ಮುಲುಕ್ತಿದ್ದದ್ದು?"

ಕಾಟಪ್ಪನ ಲೆಕ್ಕ ತಲೆಕೆಳಗಾಯಿತು. ಕೆಲಸ ಹೋಯಿತು, ಓಬವ್ವನೂ ಹೋದಳು ಎಂದುಕೊಂಡ. ಶಿವಗಂಗಮ್ಮ ತಟ್ಟೆಯಿಂದಿಳಿದು ಎದುರಿಗೆ ಬಂದು ನಿಂತರು.

"ಯಾಕಲೇ ಮುಲುಕಿದಿ? ನಿನ್ನ ದೆಸೆಯಿಂದ ನಾನು ಗಂಜಿ ಸೈತ ಬಿಟ್ಟೆ."

ಅವನಿಗೆ ಸುಳ್ಳೂ ಹೊಳೆಯಲಿಲ್ಲ. "ನೀವು ಹಗುರ ಆದ್ರೆ ನಾನು ಮನೆಗೆ ಹೋಗಬೇಕಲ್ಲ ಅಮ್ನೋರೆ. ಕಟ್ಟೆ ಕೆಲ್ಸದಾಗೂ ಹಂಗೇ ಆತು."

ಪಂಚಾಕ್ಷರಪ್ಪ ಗಂಟಲು ಸರಿಮಾಡಿಕೊಂಡ. ಶಿವಗಂಗಮ್ಮ ಅವನಿಗೆ ಎಡೆ ಕೊಡದೆ ಜುಂಜಪ್ಪನನ್ನು ನೋಡಿದರು.

"ಇವನು ಇಲ್ಲದ ಭಾರಕ್ಕೆ ಮುಲುಕ್ದ. ನಾನು ದಪ್ಪ ಇದ್ದಾಗ ನೀನ್ಯಾಕೆ ಒಂದು ದಿನಾನೂ ಮುಲುಕ್ಲಿಲ್ಲ?"

ಜುಂಜಪ್ಪ ನೆಲ ನೋಡಿದ. "ನಾನೂ ಅದಕ್ಕೇರಿ. ಕೆಲ್ಸ ಹೋಗ್ತೈತೆ ಅಂತ."

ಆಕೆ ಅವನ ಹೆಗಲ ಮೇಲಿನ ವಸ್ತ್ರ ಸರಿಸಲು ಹೇಳಿದರು. ಕೊಬ್ಬರಿ ಗಿಟುಕಿನಷ್ಟು ದಪ್ಪ ಗಂಟು, ಕಪ್ಪಗೆ, ಕಲ್ಲಿನ ಹಾಗೆ ಕೂತಿತ್ತು. ಇಪ್ಪತ್ತು ವರ್ಷ ಅದರ ಮೇಲೆ ಕೂತವರು ತಾವೇ ಎಂದು ಆಕೆಗೆ ತುಂಬ ನಾಚಿಕೆಯಾಯಿತು. ಗುಮಾಸ್ತೆಯ ಕಡೆ ತಿರುಗಿದರು.

"ಪಂಚಾಕ್ಷರಪ್ಪ, ಆರು ಜನಾನೂ ಇರ್ತಾರೆ. ನಾನು ಹಗುರಾದ್ರೆ ಅದು ಇವರ ಹೆಗಲಿಗೆ ಲಾಭ, ನಿಮಗಲ್ಲ. ಗಾಡ್ಯಾಗೆ ಉಳಿದ ಕಾಯಿನ ಕಾಟಪ್ಪನ ಮದುವೆಗೆ ಕಳಿಸ್ರಿ. ಇನ್ನು ಯಾರಿಗೆ ಭಾರ ಅನ್ನಿಸ್ತೈತೋ ಅವರು ಮುಲುಕ್ಲಿ, ಅನ್ನಿಸದವರು ತೆಪ್ಪಗಿರ್ಲಿ."

ಹೊರಡುವ ಹೊತ್ತಾಯಿತು. ಶಿವಗಂಗಮ್ಮ ಮೇನೆ ಹತ್ತಿದರು. ಕಾಟಪ್ಪ ತುಟಿ ಬಿಗಿಹಿಡಿದು ಹಿಂದಿನ ಬೊಂಬಿಗೆ ಹೆಗಲು ಕೊಟ್ಟ. ಮುಂದೆ ಜುಂಜಪ್ಪ ಮೇನೆಯನ್ನು ಎತ್ತುತ್ತಲೇ ಬಾಯಿ ತೆರೆದ. ಅವನ ಹೊಟ್ಟೆಯ ತಳದಿಂದ ಬಂದ ಮುಲುಕಿಗೆ ಗುಡಿಯ ಗೋಪುರದ ಪಾರಿವಾಳಗಳೆಲ್ಲ ಹಾರಿದವು. ವೇದಾವತಿಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ತಿರುಗಿ ನೋಡಿದರು. ಅದು ಮುಗಿಯುವ ತನಕ ಮೇನೆ ನಿಂತಲ್ಲೇ ನಿಂತಿತ್ತು.

ಪರದೆಯ ಒಳಗಿನಿಂದ ಸಾಹುಕಾರ್ತಿಯ ದನಿ ಬಂತು: "ಇಪ್ಪತ್ತು ವರ್ಷದ್ದು ಇವತ್ತೇ ಮುಗಿಸಬ್ಯಾಡ ಜುಂಜಪ್ಪ. ನಾಳಿಗೂ ಒಂದಿಷ್ಟು ಇಟ್ಕೊ."