ಹೆಚ್ಚಿದ ಬಳೆ

ಸಪ್ನಾ ಬರುವ ತನಕ ಸರಸಂಬಾ ಊರಿನ ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಎಂದರೆ ಮಾವಿನಕಾಯಿ, ಧ್ವಜ, ಮತ್ತೆ ಮಾವಿನಕಾಯಿ. ಆಕೆ ಆಳಂದದಿಂದ ಬಸ್ಸಿಗೆ ಬರುವ ಅತಿಥಿ ಶಿಕ್ಷಕಿ. ಜೋಳದ ದಂಟಿನಿಂದ ಬಂಡಿ, ಹುಣಸೆಬೀಜದಿಂದ ಆಮೆ ಮಾಡಿಸುತ್ತ, ಓದೆಂದರೆ ಓಡುವ ಮಕ್ಕಳನ್ನೂ ಶಾಲೆಗೆ ಅಂಟಿಸಿಬಿಟ್ಟಳು. ಮಾಸ್ತರುಗಳು ‘ಕಸದ ಮೇಡಂ’ ಎಂದು ನಗುತ್ತಿದ್ದರು. ಪಾಠದ ಹೊತ್ತಿಗೆ ಮೊಬೈಲ್ ತಿಕ್ಕುವವರು ನಕ್ಕರೆ, ಅಲ್ಲೇ ಕಲಿಸುವ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರನೆಯ ತರಗತಿಯ ಭಾಗ್ಯಾ ಆಕೆಯ ಬಾಲ. ಭಾಗ್ಯಾಳ ತಾಯಿ ಮಲ್ಕಮ್ಮನನ್ನು ಊರೆಲ್ಲ ಬಲ್ಲದು. ಗಂಡ ಹಣಮಂತ್ರಾಯ ಸತ್ತಾಗ, ಬಳೆ ಒಡೆಯಲು ಬಂದ ಹೆಂಗಸರ ಮುಂದೆ ಆಕೆ ಕೈ ಚಾಚಲಿಲ್ಲ. ಅವನೇ ಬಜಾರದಿಂದ ತಂದು ತೊಡಿಸಿದ್ದ ಹಸಿರು ಗಾಜಿನ ಬಳೆಗಳನ್ನು ತಾನೇ ತೆಗೆದು, ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಊರು ಬಾಯಿಗೆ ಬಂದದ್ದು ಆಡಿತು, ಆಕೆ ಜಗ್ಗಲಿಲ್ಲ. ಅವನದೊಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ಹೊರಗಿನವಳಾದ ಸಪ್ನಾಳಿಗೆ ಇದೊಂದೂ ಗೊತ್ತಿರಲಿಲ್ಲ.

ಆಳಂದದಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನವಿತ್ತು. ಬಳೆಚೂರು ಅಂಟಿಸಿ ದೊಡ್ಡದೊಂದು ನವಿಲು ಮಾಡಿಸಬೇಕೆಂದು ಸಪ್ನಾಳ ಆಸೆ. ನಮ್ಮಲ್ಲಿ ಮುತ್ತೈದೆಯ ಬಳೆ ‘ಒಡೆಯಿತು’ ಎನ್ನುವಂತಿಲ್ಲ, ‘ಹೆಚ್ಚಿತು’ ಎನ್ನಬೇಕು. ಹಾಗಾಗಿ ಆಕೆ ಮಕ್ಕಳಿಗೆ, ಮನೆಯಲ್ಲಿ ಹೆಚ್ಚಿದ ಬಳೆ ಇದ್ದರೆ ತನ್ನಿ ಎಂದಳು. ಎಲ್ಲರೂ ಚೂರು ತಂದುಕೊಟ್ಟು ಹೋದರು. ಶಾಲೆ ಬಿಟ್ಟ ಮೇಲೆ ಉಳಿದ ಭಾಗ್ಯಾ ಅರಿವೆಯ ಗಂಟೊಂದನ್ನು ಬಿಚ್ಚಿದಳು. ಇಡೀ ಬಳೆಗಳು. ಇವನ್ನೇಕೆ ತಂದೆ ಎಂದು ಸಪ್ನಾ ಕೇಳಿದಳು.

“ಅವ್ವ ಹಾಕ್ಕೊಳ್ಳೂದಿಲ್ರಿ. ನಮ್ಮನ್ಯಾಗ ಇವು ಹೆಚ್ಚಾಗ್ಯಾವ್ರಿ.”

ಅವ್ವನನ್ನು ಕೇಳಿದೆಯಾ ಎಂದರೆ ಹುಡುಗಿ ಹೂಂ ಎಂದು ತಲೆಯಾಡಿಸಿತು. ಬಸ್ಸಿನ ಹೊತ್ತಾಗಿತ್ತು. ಸಪ್ನಾ ನಂಬಿ ಕಲ್ಲು ಕೊಟ್ಟಳು. ಭಾಗ್ಯಾ ಬಡಿದು ಚೂರು ಮಾಡಿ, ಖುಷಿಯಿಂದ ನವಿಲಿನ ಗರಿ ತುಂಬಿದಳು. ಇದನ್ನು ಸಪ್ನಾ ಆಮೇಲೆ ನನಗೊಬ್ಬಳಿಗೇ ಹೇಳಿದ್ದು.

ಮರುದಿನ ಟ್ರಂಕು ತೆರೆದ ಮಲ್ಕಮ್ಮ ನೇರ ಶಾಲೆಗೆ ಬಂದಳು. ನವಿಲನ್ನು ನೋಡಿದವಳೇ ಕುಸಿದು ಕೂತಳು. ಗಂಡ ಹೋದ ದಿನವೂ ಆಕೆ ಹಾಗೆ ಅತ್ತಿರಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, ಒಡೆದವರು ಯಾರು ಎಂದು ಕೇಳಿದಳು. ಭಾಗ್ಯಾ ಮೇಡಂ ಬೆನ್ನ ಹಿಂದೆ ಅವಿತು ನಿಂತಿದ್ದಳು.

“ನಾನೇ ಒಡದೇನ್ರಿ,” ಎಂದಳು ಸಪ್ನಾ.

ಮಲ್ಕಮ್ಮ ಮಗಳನ್ನು ಎಳೆದು ಅವಚಿಕೊಂಡಳು.

“ಹಂಗಾರ ನಾ ಬದುಕಿದೆ. ನನ್ನ ಮಗಳು ಒಡದಿದ್ದರ ಈಕಿ ಮಾರಿ ನಾ ಮತ್ತ ನೋಡ್ತಿದ್ದಿಲ್ಲ.”

ನವಿಲು ಆಳಂದಕ್ಕೆ ಹೋಗಲಿಲ್ಲ. ಊರವರು ಸಪ್ನಾಳಿಗೆ ಆಡಬಾರದ್ದು ಆಡಿದರು. ಭಾಗ್ಯಾ ಈಗ ಬಣ್ಣ ಮುಟ್ಟುವುದಿಲ್ಲ, ಮನೆಯಲ್ಲಿ ಅವ್ವನ ಜೊತೆ ಉಣ್ಣಲೂ ಕೂರುವುದಿಲ್ಲ. ಮೊನ್ನೆ ಮಲ್ಕಮ್ಮ ಸಿಟ್ಟು ನುಂಗಿಕೊಂಡು ಸಪ್ನಾಳ ಬಳಿಗೇ ಬಂದಳು. ಮಗಳು ತನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾಳೆ, ಯಾಕೆಂದು ನಿಮಗೇನಾದರೂ ಗೊತ್ತೇ ಎಂದು ಕೇಳಿದಳು. ಸಪ್ನಾ ಗೊತ್ತಿಲ್ಲವೆಂದಳು.